ನಡುವಿಗೆ ಕಟ್ಟಿದ ತೊಗಲು

1734ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಭೌತಶಾಸ್ತ್ರದ ಪುಸ್ತಕವೊಂದರಲ್ಲಿ ಒಬ್ಬ ಜಟ್ಟಿಯ ವಿಚಾರ ಬರುತ್ತದೆ. ಹಲಗೆಯ ಮೇಲೆ ಕೂತು, ಎದುರಿನ ಅಡ್ಡಮರಕ್ಕೆ ಎರಡೂ ಪಾದ ಕೊಟ್ಟು, ಅವನು ಕಾಲು ನೀಡಿಕೊಳ್ಳುತ್ತಿದ್ದ. ಸೊಂಟದ ಸುತ್ತ ಬಲವಾದ ಪಟ್ಟಿ, ಪಟ್ಟಿಯ ಮುಂದೆ ಒಂದು ಕಬ್ಬಿಣದ ಬಳೆ, ಬಳೆಗೆ ಹಗ್ಗ. ಹಲವು ಗಂಡಸರು ಒಟ್ಟಿಗೆ ಎಳೆದರೂ, ಎರಡು ಕುದುರೆ ಕಟ್ಟಿ ಎಳೆಸಿದರೂ ಅವನು ಕೂತಲ್ಲಿಂದ ಅಲುಗುತ್ತಿರಲಿಲ್ಲ. ಪುಸ್ತಕ ಬರೆದವರು ಜಾನ್ ಥಿಯೋಫಿಲಸ್ ಡೆಸಾಗುಲಿಯೆ. ನ್ಯೂಟನ್ನರಿಗೆ ಸಹಾಯಕರಾಗಿದ್ದವರು, ರಾಯಲ್ ಸೊಸೈಟಿಯಲ್ಲಿ ಪ್ರಯೋಗಗಳನ್ನು ಮಾಡಿ ತೋರಿಸುವ ಹೊಣೆ ಹೊತ್ತಿದ್ದವರು. ದಾವಣಗೆರೆಯಲ್ಲಿ ನಾನು ನಡೆಸುವ ಭಾರ ಎತ್ತುವ ಕೋಣೆಗೆ ಹೊಸ ಬೆಲ್ಟು ಕೊಂಡು ತರುವ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳುವುದು ಈ ಕತೆಯನ್ನೇ. ಬೆಲ್ಟು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬ ಪ್ರಶ್ನೆಯನ್ನು ಮೊದಲು ನೆಟ್ಟಗೆ ಕೇಳಿದವರಲ್ಲಿ ಡೆಸಾಗುಲಿಯೆ ಒಬ್ಬರು.

ಆ ಜಟ್ಟಿಯ ಹೆಸರು ಯೋಹಾನ್ ಕಾರ್ಲ್ ಫಾನ್ ಎಕೆನ್‌ಬರ್ಗ್. ಜರ್ಮನಿಯ ಹಾರ್ಟ್ಸ್‌ಗೆರೋಡೆಯವನು, ಸ್ಯಾಮ್ಸನ್ ಎಂದು ತನ್ನನ್ನೇ ಕರೆದುಕೊಂಡು ಯುರೋಪಿನ ಊರೂರು ಸುತ್ತುತ್ತಿದ್ದ. ಅವನ ದೊಡ್ಡ ಪ್ರದರ್ಶನವೆಂದರೆ ಫಿರಂಗಿ ಎತ್ತುವುದು. ಚೌಕಟ್ಟಿನ ಮೇಲೆ ನಿಂತು, ಸೊಂಟದ ಪಟ್ಟಿಗೆ ಸರಪಳಿ ತೂಗಿಬಿಟ್ಟು, ಎರಡು ಮೂರು ಸಾವಿರ ಪೌಂಡಿನ ಫಿರಂಗಿಯನ್ನು ಅದಕ್ಕೆ ಕಟ್ಟಿಸುತ್ತಿದ್ದ. ಹಗ್ಗಗಳೆಲ್ಲ ಬಿಗಿಯಾದ ಮೇಲೆ ಫಿರಂಗಿಯ ಅಡಿಯ ಆಧಾರವನ್ನು ಹೊಡೆದು ತೆಗೆಯುತ್ತಿದ್ದರು. ಅಷ್ಟೂ ತೂಕ ಅವನ ಸೊಂಟಕ್ಕೆ ಜೋತು ನಿಲ್ಲುತ್ತಿತ್ತು. ಜನ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಡೆಸಾಗುಲಿಯೆ ಮಾತ್ರ ಒಂದು ಸಂಜೆ ಇಬ್ಬರು ವೈದ್ಯರು, ಒಬ್ಬ ಶ್ರೀಮಂತ ಪ್ರಭು, ಒಬ್ಬ ಕುಶಲಕರ್ಮಿ ಇವರನ್ನು ಕರೆದುಕೊಂಡು ಹೋಗಿ ಅವನ ಸುತ್ತ ಬೇರೆ ಬೇರೆ ಕಡೆ ನಿಂತು ಒಂದೊಂದು ಚಲನೆಯನ್ನೂ ಗಮನಿಸಿದರು. ಮನೆಗೆ ಬಂದು ಅದೇ ರಾತ್ರಿ ಆ ಸಾಹಸಗಳಲ್ಲಿ ಕೆಲವನ್ನು ತಾವೇ ಮಾಡಿದರು. ಅವರಲ್ಲಿ ಯಾರೂ ಜಟ್ಟಿಗಳಲ್ಲ.

ಡೆಸಾಗುಲಿಯೆ ಕಂಡುಕೊಂಡ ಕಾರಣ ಸರಳ. ಪಟ್ಟಿಯನ್ನು ಕಟ್ಟಿದ್ದು ಹೊಟ್ಟೆಗಲ್ಲ, ಸೊಂಟದ ಮೂಳೆಯ ಮೇಲೆ. ಸೊಂಟದ ಎಲುಬುಗಳು ಕಮಾನಾಗಿ ಕೂಡಿಕೊಂಡಿವೆ. ಕಾಲು ನೆಟ್ಟಗಿದ್ದರೆ ಆ ಕಮಾನಿನಿಂದ ತೊಡೆಮೂಳೆಗೆ, ತೊಡೆಮೂಳೆಯಿಂದ ಪಾದಕ್ಕೆ ತೂಕ ಇಳಿದುಹೋಗುತ್ತದೆ. ಬೆನ್ನಿಗೆ ಅದರ ಗೊಡವೆಯೇ ಇಲ್ಲ. ಸ್ನಾಯುವಿಗಿರುವ ಕೆಲಸ ಕಾಲು ಮಡಚದಂತೆ ನೋಡಿಕೊಳ್ಳುವುದಷ್ಟೇ.

ಇದೇ ಲಂಡನ್ನಿನಲ್ಲಿ ಸ್ವಲ್ಪ ಕಾಲದ ನಂತರ ಥಾಮಸ್ ಟೋಪಮ್ ಎಂಬ ಬಡಗಿ ವೃತ್ತಿಯ ಬಲಶಾಲಿಯೊಬ್ಬ ಹೆಸರಾದ. 1741ರ ಮೇ 28ರಂದು ಮೂರು ನೀರು ತುಂಬಿದ ಪೀಪಾಯಿಗಳನ್ನು, ಒಟ್ಟು 1,836 ಪೌಂಡು, ಅಂದರೆ ಸುಮಾರು 833 ಕೆ.ಜಿ., ಜನರೆದುರು ಪಟ್ಟಿ ಹಾಕಿ ಎತ್ತಿದ. ಟೋಪಮ್‌ನದು ನಿಜವಾದ ಮೈಬಲ. ಆದರೆ ಎಕೆನ್‌ಬರ್ಗನ ಭಂಗಿಯ ಲೆಕ್ಕ ಅವನಿಗೆ ತಿಳಿದಿರಲಿಲ್ಲ. ಕುದುರೆಯ ಎದುರು ಕೂತು ಎಳೆಯುವ ಸಾಹಸವನ್ನು ಬರೀ ತೋಳು ಬೆನ್ನಿನ ಬಲದಿಂದ ಮಾಡಹೋಗಿ, ಎರಡು ಕುದುರೆ ಕಟ್ಟಿದ ದಿನ ಮೊಣಕಾಲು ಒಡೆದುಕೊಂಡ. ಅವನಿಗಿಂತ ಕಡಿಮೆ ಬಲದ ಎಕೆನ್‌ಬರ್ಗ್ ಅದನ್ನೇ ನಿರಾಯಾಸವಾಗಿ ಮಾಡುತ್ತಿದ್ದ. ಪಟ್ಟಿಯನ್ನು ಎಲ್ಲಿ ಕಟ್ಟಬೇಕು, ಅದು ಯಾವ ಮೂಳೆಗೆ ಒರಗಬೇಕು ಎಂಬ ತಿಳಿವಳಿಕೆಯೇ ಇಬ್ಬರ ನಡುವಿನ ಅಂತರ.

ಮುಂದಿನ ನೂರು ವರ್ಷಕ್ಕೂ ಮಿಕ್ಕಿ ಪಾಶ್ಚಾತ್ಯ ಜಟ್ಟಿಗಳ ಪಟ್ಟಿಗಳು ಹೆಚ್ಚಾಗಿ ಭಾರವನ್ನು ತೂಗಿಹಾಕಲಿಕ್ಕೇ ಇದ್ದವು. ಬಾಸ್ಟನ್ನಿನ ಡಾ. ಜಾರ್ಜ್ ಬಾರ್ಕರ್ ವಿಂಡ್‌ಷಿಪ್ ಹಾರ್ವರ್ಡಿನಲ್ಲಿ ವೈದ್ಯಕೀಯ ಓದಿದವರು. ಭಾರ ಎತ್ತುವುದೇ ಆರೋಗ್ಯದ ದಾರಿ ಎಂದು ಉಪನ್ಯಾಸ ಕೊಡುತ್ತ, ಹೆಗಲ ಮೇಲಿನ ನೊಗದಿಂದ ಸಾವಿರ ಕೆ.ಜಿ.ಗೂ ಹೆಚ್ಚು ತೂಕವನ್ನು ಕೆಲವು ಅಂಗುಲ ಮೇಲೇಳಿಸಿ ತೋರಿಸುತ್ತಿದ್ದರು. 1876ರಲ್ಲಿ, 42ನೇ ವಯಸ್ಸಿಗೆ, ಪಾರ್ಶ್ವವಾಯು ಬಡಿದು ತೀರಿಕೊಂಡರು. ಅವರ ಜತೆಗೆ ಅವರು ಹುಟ್ಟುಹಾಕಿದ ಚಳವಳಿಯೂ ಸೊರಗಿತು. ಕೆನಡಾದ ಲೂಯಿ ಸೀರ್ 1895ರಲ್ಲಿ ಅದೇ ಬಾಸ್ಟನ್ನಿನಲ್ಲಿ ಹದಿನೆಂಟು ಜನ ನಿಂತ ಅಟ್ಟಣೆಯನ್ನು ಬೆನ್ನಿನಿಂದ ಎತ್ತಿದ, 4,337 ಪೌಂಡು. ಇವೆಲ್ಲ ನೆಲದಿಂದ ಕೂದಲೆಳೆಯಷ್ಟು ಮೇಲೆತ್ತುವ ಸಾಹಸಗಳು. ಭಾರ ಮೂಳೆಯ ಮೇಲೆ ಕೂತಿರುತ್ತಿತ್ತು, ಮನುಷ್ಯ ಅದರಡಿ ಕಂಬವಾಗಿ ನಿಲ್ಲುತ್ತಿದ್ದ.

ಬಾರ್‌ಬೆಲ್ ಬಂದ ಮೇಲೆ ಈ ಲೆಕ್ಕ ಪೂರ್ತಿ ತಿರುವುಮುರುವಾಯಿತು. ಈಗ ಭಾರ ಕೈಯಲ್ಲಿ. ಅದನ್ನು ನೆಲದಿಂದ ತೆಗೆದು ನೆತ್ತಿಯ ಮೇಲಕ್ಕೆ ಕೊಂಡೊಯ್ಯಬೇಕು. ಹಾದಿಯಲ್ಲಿ ಬೆನ್ನು ಬಾಗಬೇಕು, ಏಳಬೇಕು, ಒಮ್ಮೊಮ್ಮೆ ಹಿಂದಕ್ಕೂ ವಾಲಬೇಕು. ಸೊಂಟದ ಮೂಳೆಗೂ ಪಕ್ಕೆಲುಬಿಗೂ ನಡುವೆ ಬೆನ್ನಮೂಳೆಯ ಹೊರತು ಬೇರೆ ಎಲುಬಿಲ್ಲ, ಅಲ್ಲಿರುವುದು ಮಾಂಸದ ಗೋಡೆ. ಬಾರ್‌ಬೆಲ್ಲಿನ ತೂಕವೆಲ್ಲ ಆ ಜಾಗವನ್ನು ದಾಟಿಯೇ ನೆಲ ಸೇರಬೇಕು. ಭಾರ ಎತ್ತುವವರ ಪಟ್ಟಿ ಸೊಂಟದ ಮೂಳೆಯಿಂದ ಮೇಲೆ ಸರಿದು ಹೊಟ್ಟೆಗೆ ಬಂದದ್ದು ಇದಕ್ಕಾಗಿ.

1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್ ಹೊತ್ತಿಗೆ ಒಂದೇ ಕೈಯಲ್ಲಿ ಎತ್ತುವ ಸ್ಪರ್ಧೆಗಳು ಹೋಗಿ, ಎರಡು ಕೈಯ ಪ್ರೆಸ್, ಸ್ನ್ಯಾಚ್, ಕ್ಲೀನ್ ಅಂಡ್ ಜರ್ಕ್ ಎಂಬ ಮೂರು ಎತ್ತುಗಳು ಉಳಿದವು. ಇವುಗಳಲ್ಲಿ ಬೆಲ್ಟಿಗೆ ಹೆಚ್ಚು ಕೆಲಸ ಕೊಟ್ಟದ್ದು ಪ್ರೆಸ್. ಎದೆಯ ಮಟ್ಟದಿಂದ ಬಾರನ್ನು ಕಾಲು ಬಾಗಿಸದೆ ಬರೀ ತೋಳಿನಿಂದ ಮೇಲೆ ದೂಡಬೇಕು ಎನ್ನುವುದು ನಿಯಮ. ಬರಬರುತ್ತ ಸ್ಪರ್ಧಿಗಳು ಸೊಂಟ ಮುಂದೆ ದೂಡಿ, ಎದೆಯನ್ನು ಹಿಂದಕ್ಕೆ ಮಲಗಿಸಿ, ಬಿಲ್ಲಿನಂತೆ ಬಾಗಿ ಎತ್ತತೊಡಗಿದರು. ಎಷ್ಟು ವಾಲಿದರೆ ತಪ್ಪು ಎಂದು ತೀರ್ಪುಗಾರರಿಗೆ ಹೇಳಲಾಗದ ಸ್ಥಿತಿ ಬಂತು. ಸೋವಿಯತ್ ಒಕ್ಕೂಟದ ವಸಿಲಿ ಅಲೆಕ್ಸೆಯೆವ್ 1972ರಲ್ಲಿ 236.5 ಕೆ.ಜಿ. ಪ್ರೆಸ್ ಮಾಡಿದರು. ದೊಡ್ಡ ಹೊಟ್ಟೆಯ ಮೇಲೆ ಬಿಗಿದ ಅಗಲ ಬೆಲ್ಟಿನ ಅವರ ಆಕಾರ ನನ್ನ ಓರಗೆಯ ಎಲ್ಲ ಭಾರ ಎತ್ತುವವರ ಕಣ್ಣಲ್ಲೂ ಇದೆ. ಅದೇ ವರ್ಷ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಮೂರು ಎತ್ತು ಸೇರಿ 640 ಕೆ.ಜಿ. ಮಾಡಿ ಅವರು ಚಿನ್ನ ಗೆದ್ದರು. ಒಲಿಂಪಿಕ್ಸ್‌ನಲ್ಲಿ ಪ್ರೆಸ್ ನಡೆದದ್ದು ಅದೇ ಕೊನೆ. ಅಲ್ಲಿಂದೀಚೆಗೆ ಎರಡೇ ಎತ್ತುಗಳು. ಹಿಂದಕ್ಕೆ ವಾಲುವ ಅಗತ್ಯ ಹೋಯಿತು. ಆಳಕ್ಕೆ ಕುಕ್ಕರಿಸಿ ಬಾರು ಹಿಡಿಯುವ ಚುರುಕು ಮುಖ್ಯವಾಯಿತು. ಮುಂಭಾಗ ಕಿರಿದು, ಬೆನ್ನ ಕಡೆ ಅಗಲವಿರುವ ಬೆಲ್ಟು ವೇಟ್‌ಲಿಫ್ಟಿಂಗಿನವರಿಗೆ ಒಗ್ಗುವುದು ಇದರಿಂದಲೇ. ಕುಕ್ಕರಿಸಿದಾಗ ತೊಡೆಗೂ ಪಕ್ಕೆಲುಬಿಗೂ ಅದು ಚುಚ್ಚುವುದಿಲ್ಲ. ಅಂತಾರಾಷ್ಟ್ರೀಯ ವೇಟ್‌ಲಿಫ್ಟಿಂಗ್ ನಿಯಮದಲ್ಲಿ ಬೆಲ್ಟಿನ ಅಗಲ 12 ಸೆಂಟಿಮೀಟರ್ ಮೀರುವಂತಿಲ್ಲ, ಉಡುಪಿನ ಹೊರಗೇ ಕಟ್ಟಬೇಕು.

ನಮ್ಮ ಕಡೆಯ ಕತೆ ಬೇರೆ ದಾರಿಯದು. ಗರಡಿಮನೆಯಲ್ಲಿ ಲಂಗೋಟಿ ಇತ್ತು, ಅದರ ಮೇಲೆ ಬಿಗಿಯಾದ ಕಾಚ ಇತ್ತು, ಬೆಲ್ಟು ಇರಲಿಲ್ಲ. ಕೆಮ್ಮಣ್ಣಿನಲ್ಲಿ ಸಾಮು ತೆಗೆಯುವ, ಗದೆ ತಿರುಗಿಸುವ, ದಂಡ ಬಸ್ಕಿ ಹೊಡೆಯುವ ಪೈಲ್ವಾನನಿಗೆ ನಡುವು ಬಾಗುತ್ತ ಬಳುಕುತ್ತ ಇರಬೇಕು, ಬಿಗಿದ ಪಟ್ಟಿ ಅವನಿಗೆ ಅಡ್ಡಿ. ಆದರೆ ಬಾಗಲಕೋಟೆ, ವಿಜಯಪುರದ ಕಡೆ ಜಾತ್ರೆಗಳಲ್ಲಿ ಕಲ್ಲು ಎತ್ತುವವರನ್ನು ನೋಡಿ. ಗುಂಡುಕಲ್ಲನ್ನು ತೊಡೆಯ ಮೇಲೆ ತಂದುಕೊಂಡು, ಎದೆಗೆ ಅವಚಿ, ಹೆಗಲಿಗೆ ಏರಿಸುವ ಮೊದಲು ವಸ್ತ್ರ ಬಿಚ್ಚಿ ಹೊಟ್ಟೆಯ ಸುತ್ತ ಬಿಗಿಯಾಗಿ ಸುತ್ತಿ ಗಂಟು ಹಾಕಿಕೊಂಡವರನ್ನು ನಾನು ಕಂಡಿದ್ದೇನೆ. ಯಾವ ಪುಸ್ತಕವೂ ಅವರಿಗೆ ಹೇಳಿಕೊಟ್ಟಿಲ್ಲ. ಕಲ್ಲಿನ ತೂಕ ಹೇಳಿಕೊಟ್ಟಿದೆ.

ಬಾರ್‌ಬೆಲ್ಲನ್ನು ನಮ್ಮ ನಾಡಿನ ಮಧ್ಯಮ ವರ್ಗದ ಹುಡುಗರ ಕೈಗೆ ಕೊಟ್ಟವರಲ್ಲಿ ದೊಡ್ಡ ಹೆಸರು ಕೆ.ವಿ. ಅಯ್ಯರ್. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃವೆಂದೇ ಅನೇಕರು ಅವರನ್ನು ಬಲ್ಲರು. ಬೆಂಗಳೂರಿನ ಹರ್ಕ್ಯುಲಿಸ್ ಜಿಮ್ನಾಷಿಯಂ, ಆಮೇಲಿನ ವ್ಯಾಯಾಮಶಾಲೆ ಅವರ ಇನ್ನೊಂದು ಸೃಷ್ಟಿ. 1936ರಲ್ಲಿ ‘ಪರ್ಫೆಕ್ಟ್ ಫಿಸೀಕ್’ ಎಂಬ ಇಂಗ್ಲಿಷ್ ಪುಸ್ತಕ ಬರೆದರು, ಅಂಚೆಯ ಮೂಲಕ ಅಂಗಸಾಧನೆಯ ಪಾಠ ಕಳಿಸಿದರು. ಕಬ್ಬಿಣದ ಜತೆಗೇ ಸೂರ್ಯನಮಸ್ಕಾರ, ಆಸನ, ಉಸಿರಾಟವನ್ನೂ ಕಲಿಸಿದ್ದು ಅವರ ವಿಶೇಷ. ಭಾರ ಹೊರುವವನಿಗೆ ಉಸಿರಿನ ಶಿಸ್ತು ಬೇಕು ಎಂಬ ಮಾತಿಗೆ ಬೆಂಗಳೂರಿನಲ್ಲಿ ಅಷ್ಟು ಹಿಂದೆಯೇ ಜಾಗವಿತ್ತು ಎನ್ನುವುದು ನನಗೆ ಹೆಮ್ಮೆಯ ವಿಷಯ.

ಉಸಿರಿನ ಪಾಠ ನನಗೆ ಸಿಕ್ಕಿದ್ದು ಮಾತ್ರ ವ್ಯಾಯಾಮಶಾಲೆಯಲ್ಲಲ್ಲ, ಮಂಡಿಯಲ್ಲಿ. ನಮ್ಮಪ್ಪ ದಾವಣಗೆರೆಯ ಮಂಡಿಗಳಲ್ಲಿ ಹಮಾಲರಾಗಿದ್ದರು. ಆಗ ಚೀಲವೆಂದರೆ ಒಂದು ಕ್ವಿಂಟಲ್. ಲಾರಿಯಿಂದ ಇಬ್ಬರು ಚೀಲವನ್ನು ಬೆನ್ನಿಗೆ ಕೊಡುತ್ತಿದ್ದರು, ಅಪ್ಪ ಅದನ್ನು ಹೊತ್ತು ಮೆಟ್ಟುಹಲಗೆ ಹತ್ತಿ ಥಪ್ಪಿ ಹಾಕುತ್ತಿದ್ದರು. ಕೆಲಸಕ್ಕೆ ನಿಲ್ಲುವ ಮೊದಲು ಹಳೆಯ ಪಂಚೆಯ ತುಂಡನ್ನು ಉದ್ದಕ್ಕೆ ಮಡಚಿ ಹೊಟ್ಟೆಗೆ ಸುತ್ತಿ ಸುತ್ತಿ ಬಿಗಿಯುತ್ತಿದ್ದರು. ಶಾಲೆಗೆ ರಜೆಯಿದ್ದಾಗ ನಾನೂ ಹೋಗಿ ಅರ್ಧ ಚೀಲ ಎತ್ತಲು ನೋಡಿದರೆ, “ಉಸ್ರು ಬಿಗಿ ಹಿಡಕಾ ತಮ್ಮಾ, ಆಮ್ಯಾಲೆ ಎತ್ತು” ಎನ್ನುತ್ತಿದ್ದರು. ಮುಂದೆ ದೈಹಿಕ ಶಿಕ್ಷಣದ ತರಬೇತಿಯಲ್ಲಿ ನಾನು ಓದಿದ್ದು ಈ ಒಂದು ಮಾತಿನ ವಿವರಣೆಯನ್ನೇ.

1957ರಲ್ಲಿ ಬಾರ್ಟೆಲಿಂಕ್ ಎಂಬ ಸಂಶೋಧಕರು ಭಾರ ಎತ್ತುವಾಗ ಹೊಟ್ಟೆಯೊಳಗಿನ ಒತ್ತಡ ಏರುವುದನ್ನು ಅಳೆದು, ಆ ಒತ್ತಡ ಬೆನ್ನಮೂಳೆಯ ಬಿಲ್ಲೆಗಳ ಮೇಲಿನ ಹೊರೆಯನ್ನು ಕಡಿಮೆ ಮಾಡುತ್ತದೆ ಎಂದು ವಾದಿಸಿದರು. 1961ರಲ್ಲಿ ಮಾರಿಸ್, ಲ್ಯೂಕಸ್, ಬ್ರೆಸ್ಲರ್ ಎಂಬ ಮೂವರು ಅದನ್ನು ಮುಂದುವರಿಸಿ, ಸೊಂಟದ ಕೊನೆಯ ಬಿಲ್ಲೆಯ ಮೇಲಿನ ಹೊರೆ ಶೇ. 30ರಷ್ಟು ಇಳಿಯಬಹುದೆಂದು ಲೆಕ್ಕ ಹಾಕಿದರು. ಆ ಅಂಕಿ ಜಾಸ್ತಿಯಾಯಿತು ಎಂದು ಆಮೇಲಿನವರು ತಿದ್ದಿದ್ದಾರೆ. ಮೂಲ ವಿಚಾರಕ್ಕೆ ಧಕ್ಕೆಯಾಗಿಲ್ಲ. ಆಳವಾಗಿ ಉಸಿರೆಳೆದು ಗಂಟಲು ಮುಚ್ಚಿದರೆ ವಪೆ ಕೆಳಕ್ಕೆ ಒತ್ತುತ್ತದೆ. ಹೊಟ್ಟೆಯ ಸ್ನಾಯುಗಳು ಸುತ್ತಲಿಂದ ಬಿಗಿಯುತ್ತವೆ. ಕೆಳಗೆ ಕಿಬ್ಬೊಟ್ಟೆಯ ತಳ ಗಟ್ಟಿಯಾಗುತ್ತದೆ. ಒಳಗಿನ ಒತ್ತಡ ಏರಿ ನಡುವೆಲ್ಲ ಒಂದೇ ಗಟ್ಟಿ ಕಂಬವಾಗುತ್ತದೆ. ಕಿಕ್ಕಿರಿದು ತುಂಬಿ ಬಾಯಿ ಹೊಲಿದ ಚೀಲ ನೆಟ್ಟಗೆ ನಿಲ್ಲುತ್ತದೆ, ಅರ್ಧ ತುಂಬಿದ್ದು ನಡುವಲ್ಲೇ ಮಡಚಿ ಬೀಳುತ್ತದೆ. ನನ್ನ ಕೋಣೆಯಲ್ಲಿ ಹೊಸಬರಿಗೆ ನಾನು ಹೇಳುವುದು ಹೀಗೆ. ಹೊರಗಿನಿಂದ ಬೆಲ್ಟು ಕಟ್ಟಿದ್ದರೆ ಹೊಟ್ಟೆಯ ಗೋಡೆ ಅದಕ್ಕೆ ಎದುರಾಗಿ ಒತ್ತಬಲ್ಲದು, ಒತ್ತಡ ಇನ್ನಷ್ಟು ಏರುತ್ತದೆ. ಗರಿಷ್ಠ ಭಾರದ ಹತ್ತಿರ ಡೆಡ್‌ಲಿಫ್ಟ್ ಮಾಡಿಸಿ ಅಳೆದವರು ಇದನ್ನು 1989ರಲ್ಲಿ ತೋರಿಸಿದ್ದಾರೆ. ಬೆಲ್ಟಿನ ಕೆಲಸ ಇಷ್ಟೇ. ಉಸಿರು ಕಟ್ಟಲು ಬಾರದವನಿಗೆ ಬೆಲ್ಟು ಬರೀ ತೊಗಲು.

ಇದಕ್ಕೊಂದು ಬೆಲೆಯೂ ಇದೆ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 1985ರಲ್ಲಿ ಅನುಭವಿ ದೇಹದಾರ್ಢ್ಯಪಟುಗಳ ರಕ್ತನಾಳದೊಳಗೇ ಅಳತೆ ಮಾಡಿದಾಗ, ಎರಡೂ ಕಾಲಿನಿಂದ ಭಾರ ದೂಡುವ ಕಸರತ್ತಿನ ಹೊತ್ತಿಗೆ ರಕ್ತದೊತ್ತಡ ಸರಾಸರಿ 320/250ಕ್ಕೆ ಏರಿತ್ತು. ಒಬ್ಬರದು 480/350 ದಾಟಿತ್ತು. ಕಾಲಿನ ಅಷ್ಟೂ ಸ್ನಾಯುಗಳ ಬಿಗಿತ, ಜತೆಗೆ ಕಟ್ಟಿದ ಉಸಿರು, ಎರಡೂ ಸೇರಿದಾಗ ಆಗುವುದು ಇದು. ಆರೋಗ್ಯವಂತರ ನಾಳಗಳು ಕ್ಷಣಮಾತ್ರ ಅದನ್ನು ತಾಳುತ್ತವೆ, ಉಸಿರು ಬಿಟ್ಟೊಡನೆ ಇಳಿಯುತ್ತದೆ. ಬಿ.ಪಿ. ಇರುವವರು, ಹರ್ನಿಯಾ ಇರುವವರು, ಕಣ್ಣಿನ ಅಥವಾ ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಬೆಲ್ಟು ಬಿಗಿದು ಉಸಿರು ಕಟ್ಟಬಾರದು. ಈ ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಬೆಲ್ಟಿನ ಈಗಿನ ರೂಪಕ್ಕೆ ಕಾರಣ ಪವರ್‌ಲಿಫ್ಟಿಂಗ್. ಸ್ಕ್ವಾಟ್, ಬೆಂಚ್‌ಪ್ರೆಸ್, ಡೆಡ್‌ಲಿಫ್ಟ್ ಎಂಬ ಮೂರು ಎತ್ತುಗಳ ಈ ಆಟ ಅಮೆರಿಕದಲ್ಲಿ 1960ರ ದಶಕದಲ್ಲಿ ರೂಪುಗೊಂಡಿತು. ಪೆನ್ಸಿಲ್ವೇನಿಯಾದ ಯಾರ್ಕ್ ಎಂಬ ಊರು ಅದರ ತವರು, ಅಲ್ಲಿ ಬಾಬ್ ಹಾಫ್‌ಮನ್‌ರ ಬಾರ್‌ಬೆಲ್ ಕಾರ್ಖಾನೆ ಇತ್ತು. 1971ರಲ್ಲಿ ಮೊದಲ ವಿಶ್ವ ಸ್ಪರ್ಧೆ, 1972ರಲ್ಲಿ ಅಂತಾರಾಷ್ಟ್ರೀಯ ಒಕ್ಕೂಟ. ಇಲ್ಲಿ ನೆತ್ತಿಯ ಮೇಲೆ ಎತ್ತುವುದಿಲ್ಲ, ಚುರುಕಿಗಿಂತ ಬಿಗಿತ ಮುಖ್ಯ. ಆದ್ದರಿಂದ ಸುತ್ತಲೂ ಒಂದೇ ಅಗಲವಿರುವ, ಮರದ ಹಲಗೆಯಷ್ಟು ಗಟ್ಟಿಯಾದ ಬೆಲ್ಟು ಬಂತು. ಒಕ್ಕೂಟದ ನಿಯಮದಲ್ಲಿ ಅಗಲ 10 ಸೆಂಟಿಮೀಟರ್, ದಪ್ಪ 13 ಮಿಲಿಮೀಟರ್; ಇದಕ್ಕಿಂತ ಹೆಚ್ಚಿರಬಾರದು, ಒಳಗೆ ಮೆತ್ತೆ ಹಾಕಿರಬಾರದು. ಮುಂದೆ ಮಾತ್ರ ಅಗಲವಿಲ್ಲದೆ ಹಿಂದೆ ಅಗಲವಿರುವ ಹಳೆಯ ಬೆಲ್ಟು ಬೆನ್ನಿಗೆ ಆಧಾರ ಎಂಬ ನಂಬಿಕೆಯಿಂದ ಹುಟ್ಟಿದ್ದು. ಒತ್ತಬೇಕಾದ್ದು ಹೊಟ್ಟೆ ಎಂದು ತಿಳಿದ ಮೇಲೆ ಮುಂದಕ್ಕೂ ಅಷ್ಟೇ ಅಗಲ ಕೊಟ್ಟರು.

2000ದಲ್ಲಿ ಸಿಡ್ನಿಯಲ್ಲಿ ಕರ್ಣಂ ಮಲ್ಲೇಶ್ವರಿ ಒಟ್ಟು 240 ಕೆ.ಜಿ. ಎತ್ತಿ ಕಂಚು ತಂದ ಮೇಲೆ ನಮ್ಮ ಕಡೆಯ ಹೆಣ್ಣುಮಕ್ಕಳೂ ಕಬ್ಬಿಣದ ಹತ್ತಿರ ಬಂದರು. 2018ರಲ್ಲಿ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕುಂದಾಪುರ ಕಡೆಯ ಗುರುರಾಜ ಪೂಜಾರಿ 249 ಕೆ.ಜಿ. ಎತ್ತಿ ಬೆಳ್ಳಿ ಗೆದ್ದಾಗ, ಆ ಕೂಟದಲ್ಲಿ ಭಾರತಕ್ಕೆ ಅದೇ ಮೊದಲ ಪದಕ. ಹಳ್ಳಿಯ ಹುಡುಗರಿಗೆ ಧೈರ್ಯ ಬಂತು. ಜತೆಗೆ ಬೆಲ್ಟಿನ ಅಂಗಡಿಯೂ ದೊಡ್ಡದಾಯಿತು. ಬಂದವರೆಲ್ಲ ನನ್ನನ್ನು ಕೇಳುವುದು ಯಾವುದು ಕೊಳ್ಳಲಿ ಎಂದು.

ನಾನು ಮೊದಲು ತೊಗಲನ್ನು ಬಗ್ಗಿಸಿ ನೋಡುತ್ತೇನೆ. ತೊಗಲನ್ನು ಮರದ ತೊಗಟೆಯ ಕಷಾಯದಲ್ಲಿ ನೆನೆಸಿ ಹದಗೊಳಿಸುವುದು ಹಳೆಯ ವಿದ್ಯೆ. ದಕ್ಷಿಣ ಭಾರತದಲ್ಲಿ ಅದಕ್ಕೆ ತಂಗಡಿ ಗಿಡದ ತೊಗಟೆ, ಮೇಲೆ ಅಳಲೆಕಾಯಿ. ಚಿತ್ರದುರ್ಗ, ಬಳ್ಳಾರಿಯ ಬಯಲಲ್ಲಿ ಹಳದಿ ಹೂ ಬಿಡುವ ಅದೇ ತಂಗಡಿ. ಹಾಗೆ ಹದವಾದ ತೊಗಲು ಬಿಗುವಾಗಿರುತ್ತದೆ, ಎಳೆದರೆ ಹಿಗ್ಗುವುದಿಲ್ಲ, ವರ್ಷ ಕಳೆದಂತೆ ಮೈಗೆ ಒಗ್ಗುತ್ತದೆ. ಕ್ರೋಮಿಯಂ ಲವಣದಲ್ಲಿ ಹದಮಾಡಿದ್ದು ಮೆತ್ತಗೆ, ಚಪ್ಪಲಿಯ ಮೇಲುಹೊದಿಕೆಗೆ ಸರಿ, ಬೆಲ್ಟಿಗೆ ಸಾಲದು. ಸಿಯಾಲ್‌ಕೋಟ್ ಈಗಲೂ ಜಗತ್ತಿಗೆ ಬೆಲ್ಟು ಹೊಲಿದು ಕಳಿಸುವ ಊರು. 1947ರಲ್ಲಿ ಅಲ್ಲಿಂದ ಬಂದ ಕುಟುಂಬಗಳು ಜಲಂಧರ್ ಮತ್ತು ಮೀರತ್‌ನಲ್ಲಿ ಕ್ರೀಡಾಸಾಮಗ್ರಿಯ ಉದ್ಯಮ ಕಟ್ಟಿದವು. ನಮ್ಮ ಅಂಗಡಿಗಳಿಗೆ ಬರುವ ಮಾಲಿನ ಬಹುಪಾಲು ಅಲ್ಲಿಯದು. ಅಂಚು ಬಿಡಿಸಿ ನೋಡಿದರೆ ಒಳಗೆ ರಟ್ಟು ತುಂಬಿ ಮೇಲೆ ತೆಳು ತೊಗಲು ಹೊದಿಸಿದ ಬೆಲ್ಟುಗಳೂ ಇರುತ್ತವೆ. ಬೆವರು ತಾಗಿ ಒಂದು ಮಳೆಗಾಲದಲ್ಲಿ ಅವು ಉಬ್ಬಿಕೊಳ್ಳುತ್ತವೆ. ಅಂಚಿನಲ್ಲಿ ತೊಗಲಿನ ಪದರಗಳು ಕಾಣಬೇಕು, ಹೊಲಿಗೆ ಸಾಲು ನೇರವಾಗಿರಬೇಕು, ಕೊಂಡಿಯ ಬುಡದ ರಿವೆಟ್ಟು ಅಲುಗಬಾರದು.

ಹೆಚ್ಚಿನವರಿಗೆ 10 ಮಿಲಿಮೀಟರ್ ದಪ್ಪ ಸಾಕು. 13 ಮಿಲಿಮೀಟರಿನದು ತುಂಬ ಭಾರ ಎತ್ತುವ, ದಪ್ಪ ಮೈಯವರಿಗೆ. ಸಣ್ಣ ಮೈಯವರಿಗೆ ಅದು ಪಕ್ಕೆಲುಬಿಗೆ ಏಟು ಕೊಡುತ್ತದೆ. ಕುಳ್ಳಗಿರುವವರು, ಸೊಂಟಕ್ಕೂ ಪಕ್ಕೆಲುಬಿಗೂ ಅಂತರ ಕಡಿಮೆ ಇರುವ ಹೆಣ್ಣುಮಕ್ಕಳು ಏಳೂವರೆ ಸೆಂಟಿಮೀಟರ್ ಅಗಲದ್ದನ್ನು ನೋಡಲಿ. ಅಳತೆಯನ್ನು ಪ್ಯಾಂಟಿನ ಸೈಜಿನಿಂದ ತೆಗೆಯಬಾರದು, ಹೊಕ್ಕುಳಿನ ಸುತ್ತ ಟೇಪು ಹಿಡಿದು ತೆಗೆಯಬೇಕು. ನಡುವಿನ ತೂತಿಗೆ ಕೊಂಡಿ ಬೀಳುವಂಥದ್ದು ಸರಿಯಾದ ಬೆಲ್ಟು, ಮೈ ಇಳಿದರೂ ಏರಿದರೂ ನಡೆಯುತ್ತದೆ. ಎರಡು ಮುಳ್ಳಿನ ಕೊಂಡಿಗಿಂತ ಒಂದು ಮುಳ್ಳಿನದು ಹಾಕಿ ತೆಗೆಯಲು ಸುಲಭ. ಸನ್ನೆಯ ಕೊಂಡಿ ಒಂದೇ ಏಟಿಗೆ ಬಿಗಿಯುತ್ತದೆ, ಒಂದೇ ಏಟಿಗೆ ಬಿಚ್ಚುತ್ತದೆ, ಆದರೆ ಅಳತೆ ಬದಲಿಸಬೇಕಾದರೆ ಸ್ಕ್ರೂಡ್ರೈವರ್ ಹುಡುಕಬೇಕು. ಸ್ನ್ಯಾಚ್ ಮತ್ತು ಜರ್ಕ್ ಕಲಿಯುವವರಿಗೆ ಅಂಟುಪಟ್ಟಿಯ ನೈಲಾನ್ ಬೆಲ್ಟೇ ಹಗುರ, ಅನುಕೂಲ. ಹೊಸ ತೊಗಲನ್ನು ದಿನಾ ಸುರುಳಿ ಸುತ್ತಿ ಬಿಚ್ಚಿ ಪಳಗಿಸಬೇಕು, ಅಡ್ಡಕ್ಕೆ ಮಡಚಬಾರದು.

ಕಟ್ಟುವ ಕ್ರಮವೂ ಮುಖ್ಯ. ಮೊದಲ ತಿಂಗಳುಗಳಲ್ಲಿ ನನ್ನ ಕೋಣೆಯಲ್ಲಿ ಯಾರಿಗೂ ಬೆಲ್ಟಿಲ್ಲ. ಬರಿಯ ಹೊಟ್ಟೆಯಲ್ಲಿ ಉಸಿರು ತುಂಬಿ, ಬೆನ್ನು ನೆಟ್ಟಗಿಟ್ಟು ಬಸ್ಕಿ ಹೊಡೆಯಲು ಬಂದ ಮೇಲೆ ಕೊಡುತ್ತೇನೆ. ಆಮೇಲೂ ಹಗುರ ಭಾರಕ್ಕೆ ಬೇಡ, ತಮ್ಮ ಗರಿಷ್ಠದ ಐದರಲ್ಲಿ ನಾಲ್ಕು ಪಾಲು ದಾಟಿದಾಗ ಸಾಕು. ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಕಟ್ಟಬೇಕು. ಸಡಿಲ ಹೊಟ್ಟೆಯಲ್ಲಿ ಎರಡು ಬೆರಳು ತೂರುವಷ್ಟು ಜಾಗ ಬಿಡಬೇಕು. ಉಸಿರನ್ನು ಎದೆಗಲ್ಲ, ಹೊಟ್ಟೆಗೆ ತುಂಬಿ ಮುಂದಕ್ಕೆ, ಪಕ್ಕಕ್ಕೆ, ಬೆನ್ನ ಕಡೆಗೆ, ಎಲ್ಲ ದಿಕ್ಕಿಗೂ ಬೆಲ್ಟನ್ನು ಒತ್ತಬೇಕು. ಹೊಟ್ಟೆ ಒಳಕ್ಕೆ ಎಳೆದುಕೊಂಡು ಬಿಗಿದರೆ ಕನ್ನಡಿಯಲ್ಲಿ ಚೆಂದ ಕಂಡೀತು, ಒತ್ತಡ ಹುಟ್ಟುವುದಿಲ್ಲ. ಎತ್ತಿ ಇಳಿಸಿದ ಕೂಡಲೇ ಬಿಚ್ಚಬೇಕು.

ಭಾರ ಎತ್ತುವವರ ಬೆಲ್ಟನ್ನು ನೋಡಿ ಕಾರ್ಖಾನೆ, ಗೋದಾಮುಗಳ ಮಾಲೀಕರು ಕೂಲಿಕಾರರಿಗೂ ಬೆಲ್ಟು ಕೊಡತೊಡಗಿದ್ದು 1980ರ ದಶಕದ ಅಮೆರಿಕದಲ್ಲಿ. ಹಿಗ್ಗುವ ಪಟ್ಟಿ, ಹೆಗಲಿಗೆ ವಾರು. ಬೆನ್ನುನೋವು ಬರುವುದಿಲ್ಲವೆಂಬ ಭರವಸೆ. 1994ರಲ್ಲಿ ಅಲ್ಲಿನ ಔದ್ಯೋಗಿಕ ಸುರಕ್ಷತೆಯ ರಾಷ್ಟ್ರೀಯ ಸಂಸ್ಥೆ ಇದ್ದ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ, ಗಾಯವಿಲ್ಲದ ಕೆಲಸಗಾರರಿಗೆ ಬೆಲ್ಟಿನಿಂದ ರಕ್ಷಣೆ ಸಿಗುತ್ತದೆನ್ನಲು ಆಧಾರವಿಲ್ಲ ಎಂದಿತು. ಅದೇ ಸಂಸ್ಥೆಯವರು ಒಂದು ದೊಡ್ಡ ಚಿಲ್ಲರೆ ವ್ಯಾಪಾರದ ಕಂಪನಿಯ 160 ಮಳಿಗೆಗಳಲ್ಲಿ 9,000ಕ್ಕೂ ಹೆಚ್ಚು ಕೆಲಸಗಾರರನ್ನು ಮಾತಾಡಿಸಿ 2000ದಲ್ಲಿ ಪ್ರಕಟಿಸಿದ ವರದಿಯೂ ಅದನ್ನೇ ಹೇಳಿತು: ಬೆಲ್ಟು ದಿನಾ ಹಾಕಿದವರಿಗೂ ಹಾಕದವರಿಗೂ ಬೆನ್ನುನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಕಾರಣ ನನಗೆ ಸ್ಪಷ್ಟ. ಸ್ಪರ್ಧಿ ಒಂದು ಎತ್ತಿಗೆ ಕೆಲವು ಸೆಕೆಂಡು ಉಸಿರು ಕಟ್ಟುತ್ತಾನೆ, ಆಮೇಲೆ ಕೂರುತ್ತಾನೆ. ಹಮಾಲ ದಿನವಿಡೀ ಚೀಲದ ಮೇಲೆ ಚೀಲ ಹೊರುತ್ತಾನೆ. ನಡೆಯುತ್ತಾನೆ, ತಿರುಗುತ್ತಾನೆ, ಹಲಗೆ ಹತ್ತುತ್ತಾನೆ. ಅಷ್ಟು ಹೊತ್ತು ಯಾರೂ ಉಸಿರು ಕಟ್ಟಲಾರರು.

ನಮ್ಮಪ್ಪನ ಬೆನ್ನು ಐವತ್ತು ದಾಟುವ ಮೊದಲೇ ಹೋಯಿತು. ಪಂಚೆಯ ತುಂಡು ಅದನ್ನು ತಡೆಯಲಿಲ್ಲ, ಒಳ್ಳೆಯ ತೊಗಲಿನ ಬೆಲ್ಟಿದ್ದರೂ ತಡೆಯುತ್ತಿರಲಿಲ್ಲ. ತಡೆಯಬಹುದಾಗಿದ್ದದ್ದು ಚೀಲದ ತೂಕ ಒಂದೇ. 1948ರ ಕಾರ್ಖಾನೆ ಕಾಯಿದೆಯ 34ನೇ ಕಲಮು ಗಾಯವಾಗುವಷ್ಟು ಭಾರ ಹೊರಿಸಬಾರದು ಎಂದು ಹೇಳಿತ್ತು. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ವಯಸ್ಕ ಗಂಡಸಿಗೆ 55 ಕೆ.ಜಿ. ಎಂಬ ಮಿತಿ ಸೂಚಿಸಿದೆ. ಈಗ ಹಲವು ಕಡೆ 50 ಕೆ.ಜಿ. ಚೀಲ ಬಂದಿರುವುದು ಒಳ್ಳೆಯದು. ಆದರೆ ಲಾರಿ ಬೇಗ ಖಾಲಿಯಾಗಲೆಂದು ಎರಡೆರಡು ಚೀಲ ಒಟ್ಟಿಗೆ ಹೊರಿಸುವುದನ್ನು ನಾನು ಈಗಲೂ ನೋಡುತ್ತೇನೆ. ಮಂಡಿಯ ಮಾಲೀಕರಲ್ಲಿ, ಮಿಲ್ಲಿನವರಲ್ಲಿ ನನ್ನ ಕೋರಿಕೆ: ನಿಮ್ಮ ಹಮಾಲರಿಗೆ ಬೆಲ್ಟು ಹಂಚಿ ಹೊಣೆ ಮುಗಿಯಿತೆನ್ನಬೇಡಿ. ಒಬ್ಬರ ಬೆನ್ನಿಗೆ ಒಮ್ಮೆಗೆ ಒಂದೇ ಚೀಲ ಇರಲಿ, ಅದು 50 ಕೆ.ಜಿ. ಮೀರದಿರಲಿ, ಉಳಿದದ್ದನ್ನು ಕೈಗಾಡಿ ಹೊರಲಿ.